ಅಧ್ಯಕ್ಷವರಣ: ‘ಫೆಡರಲಿಸ್ಟ್’ 68ನೆಯ ಲೇಖನದ ತಾತ್ಪರ್ಯವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನನ್ನು ಸಮಗ್ರ ರಾಷ್ಟ್ರದ ಪ್ರಜೆಗಳು ನೇರವಾಗಿ ಮತವಿತ್ತು ಆರಿಸಬೇಕೆ, ಅಥವಾ ಈಗಿರುವಂತೆ ಸಂಸ್ಥಾನವಾರಾಗಿ ನೇಮಕವಾದ 538 ಮಂದಿ ನಿರ್ವಾಚಕರ ಮೂಲಕವೇ ಆರಿಸಬೇಕೆ ಎಂಬ ವಿವಾದವು ಬಹುಕಾಲದಿಂದ ನಡೆದುಬಂದಿರುವುದು. ನಿರ್ವಾಚಕಪದ್ಧತಿಯನ್ನು ಸಮರ್ಥಿಸುವವರು ಪ್ರಮಾಣವಾಗಿ ಮುಂದಿಡುವ ಬರೆಹಗಳಲ್ಲಿ, ಅಲೆಗ್ಸಾಂಡರ್ ಹ್ಯಾಮಿಲ್ಟನ್ ಮಹಾಶಯನು 1788ರ ಮಾರ್ಚಿಯಲ್ಲಿ ‘ಪಬ್ಲಿಯಸ್’ ಎಂಬ ಅಂಕಿತದಿಂದ ಪ್ರಕಟಿಸಿದ ‘ಫೆಡರಲಿಸ್ಟ್’ 68ನೆಯ ಲೇಖನವು ಮುಖ್ಯವಾದುದು. ಇದನ್ನು ಉದಾಹರಿಸುವವರು ಬಹುಮಂದಿ. ಆದ್ಯಂತವಾಗಿ ಓದಿ ತಾತ್ಪರ್ಯವನ್ನು ನಿರ್ಣಯಿಸುವವರು ವಿರಳ. ವಾಕ್ಯಸಮೂಹದ ತಾತ್ಪರ್ಯವನ್ನರಿಯಲು ನಮ್ಮ ಶಾಸ್ತ್ರಜ್ಞರು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಹೇಳಿರುವರು. ವೇದವಾಕ್ಯಗಳಿಗಾಗಿ ಹುಟ್ಟಿದ ಈ ಅಳತೆಗೋಲು ಪೌರುಷೇಯವಾದ ರಾಜನೀತಿಲೇಖನಕ್ಕೂ ಸಲ್ಲಬಲ್ಲುದು. ಅದರಿಂದ ಪ್ರಕೃತ ಲೇಖನವನ್ನು ಅಳೆದು ನೋಡುವುದೇ ಇಲ್ಲಿಯ ಉದ್ದೇಶ.

ಮೊದಲು ಪದ್ಧತಿಯ ಸ್ವರೂಪ. 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಚಿತವಾದ ರಾಜ್ಯಾಂಗದ ಪ್ರಕಾರ, ಪ್ರತಿಯೊಂದು ಸಂಸ್ಥಾನಕ್ಕೂ ಅದರ ಪ್ರತಿನಿಧಿಸಭೆಯ ಸದಸ್ಯರು ಮತ್ತು ಸೆನೆಟಿನ ಇಬ್ಬರು ಸದಸ್ಯರು ಎಷ್ಟು ಮಂದಿಯೋ ಅಷ್ಟು ನಿರ್ವಾಚಕರು. ಅವರನ್ನು ನೇಮಿಸುವ ಕ್ರಮವು ಆಯಾ ಸಂಸ್ಥಾನದ ಶಾಸನಸಭೆಯ ಇಚ್ಛೆಗೆ ಬಿಟ್ಟದ್ದು. ಇಂದು 48 ಸಂಸ್ಥಾನಗಳಲ್ಲಿ, ಅತ್ಯಧಿಕ ಮತಗಳನ್ನು ಪಡೆದವನಿಗೆ ಆ ಸಂಸ್ಥಾನದ ಎಲ್ಲ ನಿರ್ವಾಚಕರೂ ಸಲ್ಲುವರು; ಮೇಯ್ನ್ ಮತ್ತು ನೆಬ್ರಾಸ್ಕಾ ಮಾತ್ರ ಬೇರೆ. ಈ ಸರ್ವಸ್ವಾಪಹಾರದ ನಿಯಮವು ರಾಜ್ಯಾಂಗದಲ್ಲಿಯೂ ಇಲ್ಲ, ನಮ್ಮ ಲೇಖನದಲ್ಲಿಯೂ ಇಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಲಿಂಗಗಳ ವಿಚಾರ. ಉಪಕ್ರಮದಲ್ಲಿ ಗ್ರಂಥಕಾರನು, ರಾಜ್ಯಾಂಗದ ಈ ಭಾಗವೊಂದೇ ವಿರೋಧಿಗಳ ಕಠಿನ ಖಂಡನೆಗೆ ಬಹುಮಟ್ಟಿಗೆ ಸಿಕ್ಕಲಿಲ್ಲವೆಂದು ಸಂತೋಷಪಟ್ಟು, ಒಡನೆಯೇ ತನ್ನ ಮೊದಲ ಪ್ರತಿಜ್ಞೆಯನ್ನು ಮಾಡುವನು: ಇಷ್ಟು ದೊಡ್ಡ ಹೊಣೆಯನ್ನು ಹೊರುವವನ ಆಯ್ಕೆಯಲ್ಲಿ ಪ್ರಜೆಗಳ ಅಭಿಪ್ರಾಯವು ನಡೆಯಬೇಕು. ಉಪಸಂಹಾರವು ಉಪಾಧ್ಯಕ್ಷನ ವಿಷಯ. ಅವನನ್ನು ಸೆನೆಟೇ ಆರಿಸಬಹುದಾಗಿತ್ತೆಂಬ ಆಕ್ಷೇಪವನ್ನು ತಳ್ಳಿಹಾಕಿ, ಅಧ್ಯಕ್ಷನಿಗೆ ಹೇಳಿದ ಯುಕ್ತಿಗಳೆಲ್ಲ ಅವನ ಸ್ಥಾನದಲ್ಲಿ ನಿಲ್ಲಬಹುದಾದವನಿಗೂ ಸಲ್ಲುವುವೆಂದು ಮುಗಿಸುವನು. ನಡುವೆ ಅಧ್ಯಕ್ಷನು ತನ್ನ ಪದವಿಯ ಮುಂದುವರಿಕೆಗಾಗಿ ಪ್ರಜೆಗಳನ್ನಲ್ಲದೆ ಮತ್ತಾರನ್ನೂ ಆಶ್ರಯಿಸಬಾರದೆಂದು ಪುನಃ ಹೇಳುವುದು ಅಭ್ಯಾಸ. ಹೀಗೆ ಆದಿ, ಮಧ್ಯ, ಅಂತ್ಯಗಳು ಮೂರೂ ಪ್ರಜಾಭಿಪ್ರಾಯದ ಕಡೆಗೇ ತಿರುಗಿರುವುವು. ಇದು ಪ್ರಧಾನ, ನಿರ್ವಾಚಕರು ಅದಕ್ಕೆ ಅಂಗ.

ಆ ಅಂಗದ ವಿಶೇಷವೇ ಅಪೂರ್ವತೆ. ಮೊದಲೇ ಇರುವ ಯಾವ ಸಭೆಗೂ ಅಧಿಕಾರವನ್ನು ಕೊಡದೆ, ಇದೊಂದೇ ಕಾರ್ಯಕ್ಕಾಗಿ ಹುಟ್ಟಿ, ಕಾರ್ಯವಾದೊಡನೆ ಇಲ್ಲವಾಗುವ ಒಂದು ಮಂಡಲಿಯನ್ನು ಕಲ್ಪಿಸಿರುವುದು. ಉಪಪತ್ತಿಗಳು ಮುಖ್ಯವಾಗಿ ಮೂರು. ನಿರ್ವಾಚಕರು ವಿವೇಕಿಗಳಾಗಿ ಗುಣಾಗುಣಗಳನ್ನು ವಿಮರ್ಶಿಸುವರು; ತಮ್ಮ ತಮ್ಮ ಸಂಸ್ಥಾನಗಳಲ್ಲಿ ಬೇರೆ ಬೇರೆಯಾಗಿ ಕೂಡುವುದರಿಂದ ಗಲಭೆಯೂ ಉದ್ರೇಕವೂ ಉಂಟಾಗವು; ಕ್ಷಣಿಕವಾದ ಮಂಡಲಿಯನ್ನು ಪರರಾಷ್ಟ್ರಗಳಾಗಲಿ ಒಳಸಂಚುಗಾರರಾಗಲಿ ಮುಂಚಿತವಾಗಿ ವಶಮಾಡಿಕೊಳ್ಳಲಾರರು. ಫಲವೋ, ಯೋಗ್ಯತೆಯಲ್ಲಿ ಅಗ್ರಗಣ್ಯನಾದವನೇ ಪದವಿಗೆ ಬರುವನೆಂಬ ಭರವಸೆ. ಆ ಭರವಸೆಯು ನಿಶ್ಚಯಕ್ಕೆ ಸಮೀಪವಾದುದೆಂದು ಗ್ರಂಥಕಾರನು ಹೇಳುವಾಗ, ಅದು ಸ್ತುತಿಯೇ ಹೊರತು ವಿಧಿಯಲ್ಲ. ಅರ್ಥವಾದವು ವಿಧಿಗೆ ಶೋಭೆಯನ್ನು ತರಬಹುದು, ತಾನೇ ಪ್ರಮಾಣವಾಗಲಾರದು. ಇಂದಿನ ಸಮರ್ಥಕರಲ್ಲಿ ಅನೇಕರು ಎತ್ತಿಹಿಡಿಯುವುದು ಈ ಅರ್ಥವಾದವನ್ನೇ.

ಉಪಪತ್ತಿಗಳ ಬಾಳು ಎಷ್ಟು ದಿನ? ಪಕ್ಷಗಳು ಹುಟ್ಟಿದೊಡನೆ ನಿರ್ವಾಚಕನು ವಿಮರ್ಶಕನಾಗಿ ಉಳಿಯದೆ ಪಕ್ಷದ ವಾಗ್ದಾನಕ್ಕೆ ಬದ್ಧನಾದನು. 1800ರ ಚುನಾವಣೆಯಲ್ಲಿ ಒಂದೇ ಪಕ್ಷದ ಜೆಫರ್ಸನ್, ಬರ್ ಎಂಬಿಬ್ಬರಿಗೂ 73 ಮತಗಳೇ ಬಂದು, ನಿರ್ಣಯವು ಪ್ರತಿನಿಧಿಸಭೆಗೆ ಹೋಯಿತು. 1804ರಲ್ಲಿ 12ನೆಯ ತಿದ್ದುಪಡಿ ಬೇಕಾಯಿತು. ಆ 1800ರ ಮೇ ತಿಂಗಳಲ್ಲಿಯೇ ಹ್ಯಾಮಿಲ್ಟನ್ನನು, ಜೆಫರ್ಸನ್ನನು ಗೆಲ್ಲದಂತೆ ಮಾಡಲು ನ್ಯೂಯಾರ್ಕಿನ ನಿರ್ವಾಚಕರನ್ನು ನೇಮಿಸುವ ಕ್ರಮವನ್ನೇ ಬದಲಾಯಿಸಬೇಕೆಂದು ಅಲ್ಲಿನ ಗವರ್ನರ್ ಜಾನ್ ಜೇಗೆ ಬರೆದನು. ಜೇ ಅದಕ್ಕೆ ಒಪ್ಪಲಿಲ್ಲ. ಸೂತ್ರಕಾರನೇ ಸೂತ್ರವನ್ನು ಪಕ್ಷಕ್ಕೆ ಬಗ್ಗಿಸಲು ಹೊರಟ ಮೇಲೆ ಅದರ ನಿಷ್ಪಕ್ಷಪಾತಕ್ಕೆ ಸಾಕ್ಷಿಯೆಲ್ಲಿ? ಕೊನೆಗೆ 2020ರಲ್ಲಿ, ಸಂಸ್ಥಾನಗಳು ತಮ್ಮ ನಿರ್ವಾಚಕರನ್ನು ವಾಗ್ದಾನಕ್ಕೆ ಕಟ್ಟಿಹಾಕಬಹುದೆಂದು ಅಲ್ಲಿಯ ಸುಪ್ರೀಂ ಕೋರ್ಟೇ ತೀರ್ಪಿತ್ತಿತು. ವಿವೇಚನೆಗಾಗಿ ನೇಮಿಸಿದವನಿಗೆ ವಿವೇಚನೆಯ ಅಧಿಕಾರವಿಲ್ಲವೆಂದಾಯಿತು. ನಿಮಿತ್ತವು ಹೋದಮೇಲೆ ನೈಮಿತ್ತಿಕವೂ ಹೋಗುವುದೆಂಬ ವೈಯಾಕರಣರ ನ್ಯಾಯವು ಇಲ್ಲಿ ಅಕ್ಷರಶಃ ಸಲ್ಲುವುದು.

ಅಂಗವು ನಷ್ಟವಾದುದಷ್ಟೇ ಅಲ್ಲ, ಪ್ರಧಾನಕ್ಕೇ ಬಾಧಕವಾಯಿತು. 1876, 1888, 2000, 2016ರ ಚುನಾವಣೆಗಳಲ್ಲಿ ಹೆಚ್ಚು ಪ್ರಜಾಮತಗಳನ್ನು ಪಡೆದವರು ಸೋತರು. 2016ರಲ್ಲಿ ಸೋತವರಿಗೆ ಬಂದ ಹೆಚ್ಚಿನ ಮತಗಳು 28 ಲಕ್ಷವನ್ನು ಮೀರಿದ್ದುವು. 2020ರ ಜನಗಣತಿಯಂತೆ ವಯೋಮಿಂಗಿನಲ್ಲಿ ಸುಮಾರು 1 ಲಕ್ಷ 92 ಸಾವಿರ ಜನರಿಗೆ ಒಬ್ಬ ನಿರ್ವಾಚಕ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 7 ಲಕ್ಷ 32 ಸಾವಿರ ಜನರಿಗೆ ಒಬ್ಬ.

ಲೇಖನದಲ್ಲಿ ಹೇಳಿದ್ದನ್ನು ನೋಡಿದಂತೆ ಹೇಳದೆ ಬಿಟ್ಟದ್ದನ್ನೂ ನೋಡಬೇಕು. 1787ರ ಜುಲೈಯಲ್ಲಿ ಜೇಮ್ಸ್ ಮ್ಯಾಡಿಸನ್ನನು ಸಮ್ಮೇಳನದಲ್ಲಿ, ಪ್ರಜೆಗಳೇ ಆರಿಸುವುದು ಯೋಗ್ಯವಾದರೂ ದಕ್ಷಿಣದ ಸಂಸ್ಥಾನಗಳಿಗೆ ಅದರಿಂದ ತೊಡಕುಂಟೆಂದು ಒಪ್ಪಿಕೊಂಡಿದ್ದನು. ಅಲ್ಲಿಯ ಗುಲಾಮರಿಗೆ ಮತವಿಲ್ಲ. ಆದರೆ ಐವರಿಗೆ ಮೂವರಂತೆ ಅವರನ್ನೆಣಿಸಿ ಪ್ರತಿನಿಧಿಗಳ ಸಂಖ್ಯೆಯನ್ನೂ, ಅದರ ಮೂಲಕ ನಿರ್ವಾಚಕರ ಸಂಖ್ಯೆಯನ್ನೂ ಹೆಚ್ಚಿಸಿಕೊಳ್ಳಬಹುದಾಗಿತ್ತು. 68ನೆಯ ಲೇಖನದಲ್ಲಿ ಇದರ ಸುಳಿವೇ ಇಲ್ಲ. ವಿವೇಕ, ಶಾಂತಿ, ಶುದ್ಧಿಗಳನ್ನು ಹೊಗಳುವ ಗದ್ಯವು ಈ ಲೆಕ್ಕಾಚಾರವನ್ನು ಮರೆಮಾಡಿರುವುದು. ಗದ್ಯವು ಪ್ರೌಢ, ಆದರೆ ಮೌನವೂ ಅಷ್ಟೇ ಪ್ರೌಢ.

ಪೂರ್ವಪಕ್ಷಿಯು ಹೇಳಬಹುದು: 85 ಲೇಖನಗಳಿಗೂ ‘ಪಬ್ಲಿಯಸ್’ ಎಂಬ ಒಂದೇ ಅಂಕಿತವಿರುವುದರಿಂದ ಏಕವಾಕ್ಯತೆಯುಂಟು, ಮ್ಯಾಡಿಸನ್ನನ 39ನೆಯ ಲೇಖನವು ಅಧ್ಯಕ್ಷವರಣವನ್ನು ಸಂಸ್ಥಾನಗಳ ಮತ್ತು ಜನಸಂಖ್ಯೆಯ ಮಿಶ್ರಮೂಲವೆಂದು ಹೇಳಿದೆ, ಆದುದರಿಂದ ಸಂಸ್ಥಾನರಕ್ಷಣೆಯೇ ತಾತ್ಪರ್ಯ. ಇದಕ್ಕೆ ಸಮಾಧಾನ: ಆ ಲೇಖನವು ರಾಜ್ಯಾಂಗದ ಸ್ವರೂಪವನ್ನು ವರ್ಣಿಸುವುದು, ಈ ವರಣಕ್ರಮವೇಕೆ ಲೇಸು ಎಂಬುದಕ್ಕೆ ಹೇತುವನ್ನು ಕೊಡುವುದು 68ನೆಯದು, ಮತ್ತು ಅಲ್ಲಿ ಚಿಕ್ಕ ಸಂಸ್ಥಾನಗಳ ರಕ್ಷಣೆಯು ಹೇತುವಾಗಿ ಬರುವುದಿಲ್ಲ. ಸಂಸ್ಥಾನಗಳ ಸಮಾನತೆಗೆ ಸೆನೆಟ್ ಇದ್ದೇ ಇದೆ. ಇಂದಿನ ಪದ್ಧತಿಯು ಚಿಕ್ಕವುಗಳನ್ನು ಪೋಷಿಸುವುದೂ ಇಲ್ಲ. ಅಭ್ಯರ್ಥಿಗಳು ತಿರುಗುವುದು ಫಲವು ಸಂದಿಗ್ಧವಾಗಿರುವ ಕೆಲವೇ ಸಂಸ್ಥಾನಗಳಲ್ಲಿ.

ಎರಡನೆಯ ಆಕ್ಷೇಪವು ಹೆಚ್ಚು ಬಲವಾದುದು: ರಾಷ್ಟ್ರಮತದಲ್ಲಿ ಅಂತರವು ಅಲ್ಪವಾದರೆ ದೇಶವೆಲ್ಲ ಮರುಎಣಿಕೆ ಮಾಡಬೇಕಾಗುವುದು. ನಿಜ. ಆದರೆ 2000ದಲ್ಲಿ ರಾಷ್ಟ್ರಮತದ ಅಂತರವು 5 ಲಕ್ಷಕ್ಕೆ ಮೀರಿದ್ದರೂ, ಫ್ಲಾರಿಡಾದ 537 ಮತಗಳಿಗಾಗಿ ದೇಶವೆಲ್ಲ ವಾರಗಟ್ಟಲೆ ಕಾಯಬೇಕಾಯಿತು. ಅಲ್ಪಾಂತರದ ಕಷ್ಟವನ್ನು ಈಗಿನ ಪದ್ಧತಿಯು ತಪ್ಪಿಸಿಲ್ಲ. ಮೂರನೆಯದು, ಅಭ್ಯರ್ಥಿಗಳು ಬಹುವಾದಾಗ ಅಲ್ಪಮತದವನು ಗೆಲ್ಲುವನೆಂಬುದು. ಇದಕ್ಕೆ ಪರಿಹಾರವನ್ನು 1969ರ ತಿದ್ದುಪಡಿಯ ಮಸೂದೆಯೇ ಸೂಚಿಸಿತ್ತು: ಶೇಕಡ 40 ಮತಗಳಾದರೂ ಬೇಕು, ಇಲ್ಲವಾದರೆ ಮೊದಲಿಬ್ಬರಿಗೆ ಮರುಚುನಾವಣೆ. ಪ್ರತಿನಿಧಿಸಭೆಯು ಅದನ್ನು 338ಕ್ಕೆ 70 ಮತಗಳಿಂದ ಅಂಗೀಕರಿಸಿತು. 1970ರಲ್ಲಿ ಸೆನೆಟಿನಲ್ಲಿ ದೀರ್ಘಭಾಷಣಗಳ ತಡೆಯಿಂದ ಅದು ಬಿದ್ದುಹೋಯಿತು. 2007ರಿಂದ ಕೆಲವು ಸಂಸ್ಥಾನಗಳು, ತಮ್ಮ ನಿರ್ವಾಚಕರನ್ನು ರಾಷ್ಟ್ರಮತದಲ್ಲಿ ಗೆದ್ದವನಿಗೇ ಕೊಡುವೆವೆಂದು ಪರಸ್ಪರ ಒಪ್ಪಂದವನ್ನು ಮಾಡಿಕೊಳ್ಳತೊಡಗಿದುವು. 2024ರ ಹೊತ್ತಿಗೆ ಅವುಗಳ ಬಲವು 209. ಒಪ್ಪಂದವು ಜಾರಿಗೆ ಬರಲು ಬೇಕಾದುದು 270.

ನಮ್ಮ ರಾಷ್ಟ್ರಪತಿಯನ್ನೂ ಪರೋಕ್ಷವಾಗಿಯೇ ಆರಿಸುವೆವಲ್ಲವೆ ಎಂದು ಕೇಳುವವರುಂಟು. ಆದರೆ ನಮ್ಮ ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆ ನಡೆಯುವವನು; ಅಮೆರಿಕಾದ ಅಧ್ಯಕ್ಷನು ಕಾರ್ಯಾಂಗದ ಅಧಿಕಾರವನ್ನು ತಾನೇ ಧರಿಸಿದವನು. ಇಂಗ್ಲಿಷಿನ ನಾಮಸಾಮ್ಯದಿಂದ ಧರ್ಮಸಾಮ್ಯವು ಸಿದ್ಧಿಸದು.

ಆದುದರಿಂದ ಸಿದ್ಧಾಂತವಿದು: 68ನೆಯ ಲೇಖನದ ಪ್ರಧಾನತಾತ್ಪರ್ಯವು ಪ್ರಜಾಭಿಪ್ರಾಯ, ಅದಕ್ಕೆ ಅಂಗವಾಗಿ ವಿಧಿಸಿದ ನಿರ್ವಾಚಕಮಂಡಲಿಯು ತನ್ನ ಹೇತುಗಳನ್ನೆಲ್ಲ ಕಳೆದುಕೊಂಡಿದೆ, ಅಂಗವು ಪ್ರಧಾನವನ್ನು ಬಾಧಿಸಿದಲ್ಲಿ ಬಿಡತಕ್ಕದ್ದು ಅಂಗವನ್ನೇ. ರಾಷ್ಟ್ರಮತದಿಂದ ಅಧ್ಯಕ್ಷನನ್ನು ಆರಿಸುವುದು ಹ್ಯಾಮಿಲ್ಟನ್ನನ ಮಾತಿಗೆ ವಿರುದ್ಧವೆಂದು ತೋರಿದರೂ ಅವನ ತಾತ್ಪರ್ಯಕ್ಕೆ ಅನುಕೂಲವಾದುದು. ಈ ಲೇಖನವನ್ನು ಪಾಠಹೇಳುವ ಅಧ್ಯಾಪಕರು ಅದರ ಗದ್ಯದ ಗಾಂಭೀರ್ಯವನ್ನು ಮೆಚ್ಚಲಿ. ಸ್ತುತಿಯನ್ನು ವಿಧಿಯೆಂದು ವಿದ್ಯಾರ್ಥಿಗಳಿಗೆ ಒಪ್ಪಿಸದಿರಲಿ.