ಮೂರು ಸಾಲು ಯಾರದು?

ನಮ್ಮ ವಾಚನಾಲಯದ ಕರಿಹಲಗೆ ಮೇಲೆ ಒಂದು ದಿನ ಮೂರು ಸಾಲಿನ ನೀತಿಪದ ಬರೆದು, ಕೆಳಗೆ ‘ಸರ್ವಜ್ಞ’ ಅಂತ ಹಾಕಿದ್ದೆ. ಸಂಜೆ ಮಗ್ಗ ಬಿಟ್ಟು ಪೇಪರ್ ಓದಲು ಬಂದ ಹಿರಿಯರೊಬ್ಬರು ನೋಡಿ, “ಸಾರ್, ಇದು ನಮ್ಮವ್ವ ರಾಗಿ ಬೀಸುವಾಗ ಹೇಳ್ತಿದ್ದ ಪದ. ಸರ್ವಜ್ಞನದು ಹೆಂಗಾಯ್ತು? ಯಾವ ಪುಸ್ತಕದಲ್ಲಿದೆ?” ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದೆ.

ಈ ತಪ್ಪು ಸುಲಭವಾಗಿ ಆಗುವಂಥದ್ದು. ಸರ್ವಜ್ಞ ಹೇಳಿದ್ದು ತ್ರಿಪದಿಯಲ್ಲಿ. ಹೆಂಗಸರ ಬೀಸುವ ಪದಗಳೂ ಹೆಚ್ಚಾಗಿ ತ್ರಿಪದಿಯೇ. ಅವನು ಕೊನೆಗೆ ಹೆಸರು ಹಾಕಿದ, ಇವರು ಹಾಕಲಿಲ್ಲ. ಹೆಸರಿಲ್ಲದ ಪದದ ತುದಿಗೆ ‘ಸರ್ವಜ್ಞ’ ಅಂತ ಸೇರಿಸಿದರೆ ಕಿವಿಗೆ ವ್ಯತ್ಯಾಸವೇ ಗೊತ್ತಾಗೋದಿಲ್ಲ. ಅವನ ಹೆಸರಿನಲ್ಲಿ ಓಡಾಡುವ ಪದಗಳಲ್ಲಿ ಆಮೇಲಿನವರು ಸೇರಿಸಿದ್ದೂ ಇವೆ ಅಂತ ವಿದ್ವಾಂಸರೇ ಹೇಳಿದ್ದಾರೆ. ಆದ್ದರಿಂದ ಅಂಕಿತವೊಂದೇ ಸಾಕ್ಷಿಯಲ್ಲ.

ನಮ್ಮ ಮಕ್ಕಳು ಸ್ಕೂಲಲ್ಲಿ ಓದುವ ತಮಿಳಲ್ಲೂ ಇದೇ ಕತೆ. ಪುರನಾನೂರಿನ ಅವ್ವೈಯಾರ್ ಬೇರೆ, ಆತ್ತಿಚೂಡಿಯ ಅವ್ವೈಯಾರ್ ಬೇರೆ. ನಡುವೆ ನೂರಾರು ವರ್ಷ. ಜನರ ಬಾಯಲ್ಲಿ ಮಾತ್ರ ಒಬ್ಬಳೇ ಅಜ್ಜಿ.

ಹಾಗಾದರೆ ಹುಡುಕೋದು ಹೇಗೆ? ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ಪದಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. 1931ರಲ್ಲಿ ಹಲಸಂಗಿಯ ಗೆಳೆಯರು ಹೆಂಗಸರ ಪದಗಳನ್ನು ‘ಗರತಿಯ ಹಾಡು’ ಅಂತ ತಂದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲೂ ಇಲ್ಲದಿದ್ದರೆ, ಹೇಳಿದವರು ಯಾರಿಂದ ಕಲಿತರು ಅಂತ ಕೇಳಬೇಕು. ಪುಸ್ತಕದಲ್ಲಿ ಇಲ್ಲ ಅಂದಮಾತ್ರಕ್ಕೆ ಪದ ಕೀಳಾಗೋದಿಲ್ಲ.

ತಪ್ಪು ಹೆಸರಿನಿಂದ ಯಾರಿಗೆ ನಷ್ಟ? ಸರ್ವಜ್ಞನಿಗಂತೂ ಅಲ್ಲ, 2009ರಲ್ಲಿ ಚೆನ್ನೈನಲ್ಲೇ ಅವನ ಪ್ರತಿಮೆ ನಿಂತಿತು. ನಷ್ಟ ಆ ಅವ್ವನಿಗೆ. ಉಡುಮಲೈಪೇಟೆ ಕಡೆ ನಮ್ಮದು ಮನೆಯೊಳಗೆ ಆಡುವ ಕನ್ನಡ, ಬರೆದಿಟ್ಟದ್ದು ಕಮ್ಮಿ. ಇರುವ ನಾಲ್ಕು ಮಾತನ್ನೂ ದೊಡ್ಡವರ ಲೆಕ್ಕಕ್ಕೆ ಬರೆದರೆ, ನಮ್ಮ ಹೆಂಗಸರು ಏನೂ ಹೇಳಲೇ ಇಲ್ಲ ಅಂತಾಗುತ್ತೆ.

ಮರುದಿನ ಹಲಗೆಯಲ್ಲಿ ಸರ್ವಜ್ಞನ ಹೆಸರು ಅಳಿಸಿ, ‘ನಮ್ಮೂರ ಅವ್ವನೊಬ್ಬಳು ಬೀಸುವಾಗ ಹೇಳಿದ್ದು’ ಅಂತ ಬರೆದೆ. ಮೇಷ್ಟ್ರುಗಳು ಮಕ್ಕಳಿಗೆ ಗಾದೆ, ಪದ ಬರೆಸುವಾಗ, ಕೆಳಗೆ ಯಾರ ಬಾಯಿಂದ ಕೇಳಿದ್ದು ಅಂತಲೂ ಬರೆಸಿದರೆ ಒಳ್ಳೆಯದು.