ಬಣ್ಣದ ಅಣುವನ್ನು ಗುರುತಿಸುವ ಬೆಳಕು

ಇಪ್ಪತ್ತನೇ ಶತಮಾನದ ಚಿತ್ರಗಳನ್ನು ಪರೀಕ್ಷಿಸಲು ರಾಮನ್ ರೋಹಿತಶಾಸ್ತ್ರದಷ್ಟು ನಯವಾದ, ಖಚಿತವಾದ ಸಾಧನಗಳು ಕಡಿಮೆ. ಕೃತಕ ಸಾವಯವ ವರ್ಣದ್ರವ್ಯಗಳು ಬಹುಮಟ್ಟಿಗೆ ಇಂಗಾಲ, ಜಲಜನಕ, ಸಾರಜನಕಗಳ ಜೋಡಣೆ. ಧಾತುಗಳನ್ನಷ್ಟೇ ಗುರುತಿಸುವ ಎಕ್ಸ್-ರೇ ಪರೀಕ್ಷೆಗೆ ಅವು ಸುಲಭವಾಗಿ ಸಿಕ್ಕುವುದಿಲ್ಲ. ರಾಮನ್ ವಿಧಾನ ನೋಡುವುದು ಅಣುವಿನ ಕಂಪನವನ್ನು. ಥ್ಯಾಲೊಸಯನೀನ್ ನೀಲಿಯನ್ನೇ ತೆಗೆದುಕೊಳ್ಳಿ. ಬರಿಗಣ್ಣು ಅದನ್ನು ಹಳೆಯ ಪ್ರಷ್ಯನ್ ನೀಲಿಯೆಂದೇ ಭ್ರಮಿಸಬಹುದು. ಲೇಸರ್ ಬಿದ್ದೊಡನೆ ಪ್ರಷ್ಯನ್ ನೀಲಿ ತರಂಗಸಂಖ್ಯೆ 2150ರ ಆಸುಪಾಸಿನಲ್ಲಿ ಶಿಖರ ತೋರಿದರೆ, ಥ್ಯಾಲೊಸಯನೀನ್ 1530ರ ಬಳಿ ತೋರುತ್ತದೆ. ಎಷ್ಟು ಸೊಗಸಾದ ವ್ಯತ್ಯಾಸ! ಥ್ಯಾಲೊಸಯನೀನ್ ನೀಲಿ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. 1910ರದೆನ್ನುವ ಚಿತ್ರದಲ್ಲಿ ಅದು ಸಿಕ್ಕರೆ ಅನುಮಾನಕ್ಕೆ ಗಟ್ಟಿ ಆಧಾರವಿದೆ.

ನಂತರದ ದುರಸ್ತಿಯಲ್ಲಿ ಆ ಬಣ್ಣ ಸೇರಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿ ಒಂದು ಚುಕ್ಕೆಯನ್ನು ನಂಬದೆ ಹಲವು ಕಡೆ, ಪದರದ ಅಡ್ಡಸೀಳಿನಲ್ಲೂ ನೋಡಬೇಕು. ಪ್ರತಿದೀಪ್ತಿ ಇನ್ನೂ ದೊಡ್ಡ ತೊಡಕು: ಬಂಧಕ ಎಣ್ಣೆ, ವಾರ್ನಿಶ್ ಹೊಮ್ಮಿಸುವ ಬೆಳಕು ಕ್ಷೀಣವಾದ ರಾಮನ್ ಸಂಕೇತವನ್ನು ಮುಳುಗಿಸಿಬಿಡುತ್ತದೆ. 785 ನ್ಯಾನೊಮೀಟರಿನಂತಹ ಉದ್ದ ತರಂಗದ ಲೇಸರ್ ಬಳಸಿದರೆ ಪ್ರತಿದೀಪ್ತಿ ಎಷ್ಟೋ ತಗ್ಗುತ್ತದೆ. ಲೇಸರಿನ ಶಕ್ತಿ ಹೆಚ್ಚಾದರೆ ಬಣ್ಣವೇ ಸುಟ್ಟೀತು. ಪರೀಕ್ಷಕ ಮಿಲಿವಾಟ್‌ಗಳ ಲೆಕ್ಕದಲ್ಲೇ ಜೋಪಾನವಾಗಿರುತ್ತಾನೆ.