ವೃದ್ಧರ ಬಾಯಿಯ ಆರೋಗ್ಯ ಪ್ರಶ್ನಾವಳಿ: ಭಾಷಾಂತರದ ವಿಮರ್ಶೆ

ವೃದ್ಧರ ಬಾಯಿಯ ಆರೋಗ್ಯವನ್ನು ಅವರ ಮಾತಿನಿಂದಲೇ ಅಳೆಯಲೆಂದು ಅಮೆರಿಕದ ಆಚಿಸನ್ ಮತ್ತು ಡೋಲನ್ ಎಂಬ ವಿದುಷಿಯರು 1990ರಲ್ಲಿ ಪ್ರಕಟಿಸಿದ 12 ಪ್ರಶ್ನೆಗಳ ‘ಜಿ.ಓ.ಎಚ್.ಎ.ಐ.’ ಎಂಬ ಪ್ರಶ್ನಾವಳಿಯು ಹಲವು ಭಾಷೆಗಳನ್ನು ಹೊಕ್ಕಿದೆ. 2008ರಲ್ಲಿ ಅದರ ಅರಬ್ಬೀ ರೂಪವೂ ಹೊರಬಂದಿತು. ಅರಬ್ಬಿಯ ಸ್ಥಿತಿ ಕನ್ನಡಿಗರಿಗೆ ಅಪರಿಚಿತವಲ್ಲ. ಅಲ್ಲಿ ಬರೆಯುವ ಭಾಷೆ ಒಂದು, ಮನೆಯಲ್ಲಿ ಆಡುವುದು ಇನ್ನೊಂದು. ಓದು ಬಾರದ ಮುದುಕನಿಗೆ ಗ್ರಾಂಥಿಕವಾದ ಪ್ರಶ್ನೆಯನ್ನೊಡ್ಡಿದರೆ ಪರೀಕ್ಷೆಗೊಳಗಾಗುವುದು ಅವನ ಹಲ್ಲಲ್ಲ, ವಿದ್ಯೆ. ಪುಣೆಯಲ್ಲಿ ನೆಲೆಸಿದ ವಿಜಯಪುರ, ಕಲಬುರಗಿಗಳ ಕಡೆಯ ವೃದ್ಧರಿಗಾಗಿ ಇದನ್ನು ಕನ್ನಡಿಸಹೊರಟವರಿಗೂ ತೊಡಕು ಇದೇ.

ಇಂಥ ಕಾರ್ಯಕ್ಕೆ ವಿದ್ವಾಂಸರು ಒಪ್ಪಿದ ಕ್ರಮವೊಂದುಂಟು. ಭಾಷಾಂತರವನ್ನು ಮೂಲ ಕಾಣದವರಿಂದ ಮರಳಿ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡುವುದು, ಬಳಿಕ 30–40 ಜನರಲ್ಲಿ ಪ್ರಯೋಗಿಸುವುದು. ಇದರಲ್ಲಿ ಮರುಭಾಷಾಂತರದ ಮೇಲಿರಿಸಿದ ನಂಬಿಕೆ ಮಿತಿಮೀರಿದುದು. ಗಟ್ಟಿ ಮಾಂಸವನ್ನೋ ಸೇಬನ್ನೋ ಕಚ್ಚಿ ಅಗಿಯಲು ತೊಂದರೆಯಾಯಿತೆ ಎಂಬುದು ಮೂಲದ ಒಂದು ಪ್ರಶ್ನೆ. ‘ಸೇಬು’ ಎಂದು ಬರೆದರೆ ಅದು ‘ಆಪಲ್’ ಆಗಿಯೇ ಮರಳುತ್ತದೆ, ತೇರ್ಗಡೆಯಾಗುತ್ತದೆ. ‘ಖಡಕ್ ರೊಟ್ಟಿ’ ಎಂದರೆ ನಪಾಸು! ಆದರೆ ಮಾಂಸವನ್ನೇ ಮುಟ್ಟದ, ಸೇಬನ್ನು ಕಾಯಿಲೆ ಬಿದ್ದಾಗ ಮಾತ್ರ ಕಂಡ ಮುದುಕಿಯ ಹಲ್ಲಿನ ಬಲ ತಿಳಿಯಬೇಕಾದುದು ರೊಟ್ಟಿಯಿಂದಲೇ. ಹೀಗೆ ಮಾಡಿದರೆ ದೇಶದೇಶಗಳ ಅಂಕಗಳನ್ನು ಹೋಲಿಸಲಾಗದೆಂಬ ಆಕ್ಷೇಪ ಬರಬಹುದು. ಪದ ಒಂದೇ ಆಗಿದ್ದು ಅನುಭವ ಬೇರೆಯಾದಲ್ಲಿ ಹೋಲಿಸಲು ಉಳಿಯುವುದಾದರೂ ಏನು?

ರೊಟ್ಟಿ ಬಂದ ಮಾತ್ರಕ್ಕೆ ತೊಡಕು ತೀರುವುದೂ ಇಲ್ಲ. ಪ್ರಶ್ನೆಗಳು ಕಳೆದ ಮೂರು ತಿಂಗಳಿಗೆ ಸಂಬಂಧಿಸಿದವು. ಹತ್ತು ವರ್ಷಗಳ ಹಿಂದೆಯೇ ಖಡಕ್ ರೊಟ್ಟಿಯನ್ನು ಬಿಟ್ಟು, ಹಾಲಿನಲ್ಲಿ ನೆನೆಸಿದ ತುಣುಕುಗಳಿಗೆ ಒಗ್ಗಿದವಳು ‘ಏನೂ ತ್ರಾಸಿಲ್ರೀ’ ಎನ್ನುವಳು. ಲೆಕ್ಕದಲ್ಲಿ ಅವಳ ಬಾಯಿ ನೆಟ್ಟಗಿದೆ. ನೆನೆಸದೆ ತಿನ್ನಲು ಆಗುವುದೆ ಎಂಬ ಮಾತನ್ನು ಪ್ರಶ್ನೆಯೊಳಗೇ ಸೇರಿಸದೆ ಗತ್ಯಂತರವಿಲ್ಲ.

ಪದಗಳ ಆಯ್ಕೆಯಲ್ಲಿ ಪುಣೆಯದೇ ಒಂದು ವಿಶೇಷವಿದೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿಗೆ ಮರಾಠಿಯಲ್ಲಿ ‘ಕವಳಿ’ ಎನ್ನುತ್ತಾರೆ. (ಕನ್ನಡದಲ್ಲಿ ‘ಕವಳ’ವೆಂದರೆ ತುತ್ತು, ಕಿವಿಗೆ ಈ ನೆಂಟಸ್ತಿಕೆ ಹಿತವಾಗಿದೆ.) ದಂತವೈದ್ಯರ ಬಾಯಲ್ಲಿ ಇದನ್ನೇ ಕೇಳಿದವರಿಗೆ ‘ಕೃತಕ ದಂತಪಂಕ್ತಿ’ಗಿಂತ ಇದೇ ಹತ್ತಿರ. ಭಾಷಾಶುದ್ಧಿಯ ಹಟ ಇಲ್ಲಿ ಸಲ್ಲದು.

ಪರರೆದುರು ಉಣ್ಣಲು ಮುಜುಗರವಾಗುವುದೆ ಎಂಬ ಪ್ರಶ್ನೆಯಂತೂ ಭಾಷೆಯನ್ನು ಮೀರಿದುದು. ಕನ್ನಡ ಬಾರದ ಪರೀಕ್ಷಕರಿಗೆ ಸೊಸೆಯೋ ಮೊಮ್ಮಗನೋ ದುಭಾಷಿಯಾಗಿ ನಿಂತಾಗ, ದಿನವೂ ಅವರೆದುರೇ ಉಣ್ಣುವ ಹಿರಿಯರು ಹೌದೆನ್ನುವುದು ಹೇಗೆ? ಆ ಪ್ರಶ್ನೆಯನ್ನು ಹೊರಗಿನ ಕನ್ನಡಿಗರೊಬ್ಬರು, ಮನೆಯವರು ಬಳಿಯಿಲ್ಲದಾಗ, ಬಾಯ್ಮಾತಿನಲ್ಲಿಯೇ ಕೇಳಬೇಕು.